ವಿಎಂನಲ್ಲಿ ನೆಟ್ ಹೋದರೆ ಮೊದಲು ಐಪಿ ನೋಡಿ, ಆಮೇಲೆ ಸೆಟ್ಟಿಂಗ್ ಮುಟ್ಟಿ

“ಲ್ಯಾಪ್‌ಟಾಪ್‌ನಾಗ ನೆಟ್ ಐತಿ, ವಿಎಂನಾಗ ಬರವಲ್ದು.” ವಿಎಂ ಎಂದರೆ ವರ್ಚುವಲ್ ಮಷೀನ್, ಕಂಪ್ಯೂಟರಿನೊಳಗೆ ಸಾಫ್ಟ್‌ವೇರ್ ಆಗಿ ಓಡುವ ಇನ್ನೊಂದು ಕಂಪ್ಯೂಟರ್. ಬೆಳಗಾವಿಯ ಎಂಜಿನಿಯರಿಂಗ್ ಕಾಲೇಜಿನ ಲ್ಯಾಬ್ ಆಗಲಿ, ಅಲ್ಲಿನ ಉದ್ಯಮಬಾಗ ಕೈಗಾರಿಕಾ ಪ್ರದೇಶದ ಸಿಎನ್‌ಸಿ ವರ್ಕ್‌ಶಾಪ್ ಆಗಲಿ, ಬಾಗಲಕೋಟೆ ನವನಗರದ ಡಿಟಿಪಿ ಅಂಗಡಿಯಾಗಲಿ, ದೂರು ಇದೇ. ಕಾರಣ ಮಾತ್ರ ಒಂದೊಂದು ಕಡೆ ಒಂದೊಂದು. ದೂರು ಬಂದ ಕೂಡಲೇ ಬಹಳ ಮಂದಿ ಮಾಡುವುದೇನೆಂದರೆ, ನ್ಯಾಟ್ (ಕಂಪ್ಯೂಟರಿನ ಹೆಸರಲ್ಲೇ ವಿಎಂ ಹೊರಗೆ ಹೋಗುವ ರೀತಿ) ಇದ್ದದ್ದನ್ನು ಬ್ರಿಜ್ಡ್ (ವಿಎಂ ತಾನೇ ಪ್ರತ್ಯೇಕ ಯಂತ್ರವಾಗಿ ಜಾಲಕ್ಕೆ ಸೇರುವ ರೀತಿ) ಮಾಡುತ್ತಾರೆ. ಆಗಲಿಲ್ಲವೆಂದು ಹೋಸ್ಟ್-ಓನ್ಲಿ (ವಿಎಂ ಮತ್ತು ಕಂಪ್ಯೂಟರ್ ನಡುವೆ ಮಾತ್ರ ಸಂಪರ್ಕ ಇರುವ ರೀತಿ) ಮಾಡುತ್ತಾರೆ, ಫೈರ್‌ವಾಲ್ ಆಫ್ ಮಾಡುತ್ತಾರೆ, ಕೊನೆಗೆ ವಿಎಂ ಓಡಿಸುವ ಸಾಫ್ಟ್‌ವೇರ್ ವರ್ಚುವಲ್‌ಬಾಕ್ಸನ್ನೇ ಕಿತ್ತು ಮತ್ತೆ ಹಾಕುತ್ತಾರೆ. ಅಷ್ಟರಲ್ಲಿ ಒಂದಿದ್ದ ದೋಷ ಮೂರಾಗಿರುತ್ತದೆ, ಮೊದಲು ಕೆಟ್ಟಿದ್ದು ಯಾವುದು ಎಂಬುದೇ ತಿಳಿಯದಂತಾಗುತ್ತದೆ.

ವಿಎಂನ ಒಳಗಿನ ಐಪಿ ವಿಳಾಸವನ್ನು (ಜಾಲದಲ್ಲಿ ಅದರ ಗುರುತಿನ ಸಂಖ್ಯೆ) ಸರಿಯಾಗಿ ಓದಿದರೆ ತಂತಿ ಎಲ್ಲಿ ತುಂಡಾಗಿದೆ ಎಂಬುದು ಅರ್ಧಕ್ಕಿಂತ ಹೆಚ್ಚು ಸಲ ಅಲ್ಲೇ ಗೊತ್ತಾಗುತ್ತದೆ. ಹಾಗಾಗಿ ಮೊದಲು ಓದುವ ಕೆಲಸ, ಬದಲಾಯಿಸುವ ಕೆಲಸ ಆಮೇಲೆ.

ಇಲ್ಲಿ ಹೋಸ್ಟ್ ಎಂದರೆ ನಿಮ್ಮ ನಿಜವಾದ ಕಂಪ್ಯೂಟರ್, ಗೆಸ್ಟ್ ಎಂದರೆ ಅದರೊಳಗೆ ಓಡುವ ವಿಎಂ. ಆಜ್ಞೆಗಳನ್ನು ಉಚ್ಚಾರದಂತೆ ಬರೆದಿದೆ. ಟರ್ಮಿನಲ್‌ನಲ್ಲಿ ಅವನ್ನು ಇಂಗ್ಲಿಷ್ ಸಣ್ಣಕ್ಷರದಲ್ಲಿ ಟೈಪ್ ಮಾಡಬೇಕು.

ಮೊದಲ ಐದು ನಿಮಿಷ

ಹೋಸ್ಟ್‌ನಲ್ಲಿ ಬ್ರೌಸರ್ ತೆರೆದು, ಹಿಂದೆ ಎಂದೂ ತೆರೆಯದ ಒಂದು ಸೈಟ್ ನೋಡಿ. ಹಳೆಯ ಸೈಟ್ ಆದರೆ ಬ್ರೌಸರ್ ಉಳಿಸಿಟ್ಟ ನಕಲಿನಿಂದ (ಕ್ಯಾಷ್) ಬಂದು ದಾರಿ ತಪ್ಪಿಸಬಹುದು. ಹೋಸ್ಟ್‌ನಲ್ಲೇ ನೆಟ್ ಇಲ್ಲದಿದ್ದರೆ ವಿಎಂ ತಪ್ಪೇನೂ ಇಲ್ಲ.

ಹೋಸ್ಟ್‌ನಲ್ಲಿ ನೆಟ್ ಇದ್ದರೆ, ವಿಎಂ ಓಡುತ್ತಿರುವಾಗಲೇ ಅದರ ಸೆಟ್ಟಿಂಗ್ಸ್ ತೆರೆದು ನೆಟ್‌ವರ್ಕ್ ಭಾಗಕ್ಕೆ ಹೋಗಿ. ವರ್ಚುವಲ್‌ಬಾಕ್ಸ್‌ನಲ್ಲಿ ‘ಎನೇಬಲ್ ನೆಟ್‌ವರ್ಕ್ ಅಡಾಪ್ಟರ್’ ಮತ್ತು ‘ಕೇಬಲ್ ಕನೆಕ್ಟೆಡ್’ ಎರಡಕ್ಕೂ ಟಿಕ್ ಇರಬೇಕು. ಇನ್ನೊಂದು ವಿಎಂ ಸಾಫ್ಟ್‌ವೇರ್ ಆದ ವಿಎಂವೇರ್‌ನಲ್ಲಿ ‘ಕನೆಕ್ಟೆಡ್’ ಮತ್ತು ‘ಕನೆಕ್ಟ್ ಅಟ್ ಪವರ್ ಆನ್’ ಎಂದು ಎರಡು ಬೇರೆ ಬೇರೆ ಟಿಕ್ ಇವೆ. ಎರಡನೆಯದು ತಪ್ಪಿದ್ದರೆ ಇವತ್ತು ಸರಿ ಮಾಡಿದ್ದು ನಾಳೆ ಬೆಳಿಗ್ಗೆ ಮತ್ತೆ ಕೆಡುತ್ತದೆ. ಲಿನಕ್ಸ್ ಗೆಸ್ಟ್‌ನಲ್ಲಿ ‘ಐಪಿ ಎ’ ಕೊಟ್ಟಾಗ ಇಂಟರ್‌ಫೇಸ್ ಪಕ್ಕದಲ್ಲಿ ‘ನೋ-ಕ್ಯಾರಿಯರ್’ ಎಂದು ಕಂಡರೆ ಅದು ಇದೇ ಕೇಬಲ್ ಟಿಕ್‌ನ ಸಮಸ್ಯೆ, ಗೆಸ್ಟ್ ಒಳಗೆ ಹುಡುಕಿ ಪ್ರಯೋಜನವಿಲ್ಲ.

ಇದಾದ ಮೇಲೆ ವಿಳಾಸ. ವಿಂಡೋಸ್ ಗೆಸ್ಟ್ ಆದರೆ ‘ಐಪಿಕಾನ್ಫಿಗ್ /ಆಲ್’, ಲಿನಕ್ಸ್ ಆದರೆ ‘ಐಪಿ ಎ’ ಮತ್ತು ‘ಐಪಿ ಆರ್’. ಎರಡನೆಯದು ಗೇಟ್‌ವೇ, ಅಂದರೆ ಹೊರಗಿನ ಜಾಲಕ್ಕೆ ದಾರಿ ಕೊಡುವ ವಿಳಾಸ, ತೋರಿಸುತ್ತದೆ. ಇಲ್ಲಿ ಸಿಕ್ಕಿದ್ದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ವಿಳಾಸ ಏನು ಹೇಳುತ್ತದೆ

10.0.2.15 ಎಂದಿದ್ದರೆ ಅದು ವರ್ಚುವಲ್‌ಬಾಕ್ಸ್‌ನ ನ್ಯಾಟ್. ಗೇಟ್‌ವೇ 10.0.2.2 ಇರಬೇಕು. ಒಂದೇ ಲ್ಯಾಪ್‌ಟಾಪ್‌ನಲ್ಲಿ ಮೂರು ವಿಎಂ ಹಾಕಿದರೂ ಮೂರಕ್ಕೂ ಇದೇ 10.0.2.15 ಬರುತ್ತದೆ. ಅದು ದೋಷವಲ್ಲ, ಪ್ರತಿ ವಿಎಂಗೂ ಪ್ರತ್ಯೇಕ ನ್ಯಾಟ್ ಇರುವುದರಿಂದ ಹಾಗೆ. ಅದೇ ಕಾರಣಕ್ಕೆ ಆ ವಿಎಂಗಳು ಒಂದನ್ನೊಂದು ಪಿಂಗ್ (ಚಿಕ್ಕ ಸಂದೇಶ ಕಳಿಸಿ ಉತ್ತರ ಬರುತ್ತದೆಯೇ ನೋಡುವ ಪರೀಕ್ಷೆ) ಮಾಡಲಾರವು. ನೆಟ್‌ವರ್ಕ್ ಲ್ಯಾಬ್‌ನಲ್ಲಿ ಎರಡು ವಿಎಂಗಳ ನಡುವೆ ಪಿಂಗ್ ತೋರಿಸಬೇಕಾದ ವಿದ್ಯಾರ್ಥಿಗಳು ಇಲ್ಲೇ ಸಿಕ್ಕಿಕೊಳ್ಳುವುದು. ಅವರಿಗೆ ಬೇಕಾದದ್ದು ‘ನ್ಯಾಟ್’ ಅಲ್ಲ, ಅದರ ಕೆಳಗೆ ಪಟ್ಟಿಯಲ್ಲಿರುವ ‘ನ್ಯಾಟ್ ನೆಟ್‌ವರ್ಕ್’. ಹೆಸರು ಹತ್ತಿರದ್ದಾದರೂ ಕೆಲಸ ಬೇರೆ. ಇದರಲ್ಲಿ ವಿಎಂಗಳು ಒಂದನ್ನೊಂದು ನೋಡುತ್ತವೆ, ಹೊರಗಿನ ನೆಟ್ಟೂ ಸಿಗುತ್ತದೆ.

192.168.56ರಿಂದ ಶುರುವಾದರೆ ವರ್ಚುವಲ್‌ಬಾಕ್ಸ್‌ನ ಹೋಸ್ಟ್-ಓನ್ಲಿ. ಹೋಸ್ಟ್ 192.168.56.1, ಗೆಸ್ಟ್‌ಗೆ ಸಾಮಾನ್ಯವಾಗಿ 101ರಿಂದ ಮೇಲಿನ ಸಂಖ್ಯೆ. ಇದರಲ್ಲಿ ಇಂಟರ್‌ನೆಟ್ ಬರುವುದೇ ಇಲ್ಲ, ಬರಬಾರದು ಕೂಡ. ಹೊರಗಿನ ನೆಟ್ ಬೇಕಾದರೆ ಅಡಾಪ್ಟರ್ 1 ನ್ಯಾಟ್, ಅಡಾಪ್ಟರ್ 2 ಹೋಸ್ಟ್-ಓನ್ಲಿ ಎಂದು ಎರಡು ಕೊಡಿ. ವಿಎಂವೇರ್ ವರ್ಕ್‌ಸ್ಟೇಷನ್‌ನ ನ್ಯಾಟ್‌ನಲ್ಲಿ ಗೇಟ್‌ವೇ ಕೊನೆಯ ಸಂಖ್ಯೆ 2, ಹೋಸ್ಟ್‌ನದು 1. ಲಿನಕ್ಸ್‌ನ ವಿಎಂ ವ್ಯವಸ್ಥೆ ಕೆವಿಎಂನಲ್ಲಿ ರೂಢಿಯ ನೆಟ್‌ವರ್ಕ್ 192.168.122, ಗೇಟ್‌ವೇ 192.168.122.1.

169.254ರಿಂದ ಶುರುವಾಗುವ ವಿಳಾಸ ಬಂದಿದ್ದರೆ ಅರ್ಥ ಒಂದೇ: ಗೆಸ್ಟ್ “ನನಗೊಂದು ಐಪಿ ಕೊಡಿ” ಎಂದು ಕೇಳಿದೆ, ಯಾರೂ ಉತ್ತರ ಕೊಟ್ಟಿಲ್ಲ, ಕೊನೆಗೆ ತಾನೇ ಒಂದನ್ನು ಇಟ್ಟುಕೊಂಡಿದೆ. ಅಂದರೆ ಕಾರ್ಡ್ ಇದೆ, ಡ್ರೈವರ್ ಇದೆ, ಐಪಿ ಹಂಚುವ ವ್ಯವಸ್ಥೆಯಾದ ಡಿಎಚ್‌ಸಿಪಿ ಸಿಗುತ್ತಿಲ್ಲ. ಬ್ರಿಜ್ಡ್ ಆಗಿದ್ದರೆ, ಹೋಸ್ಟ್‌ನಲ್ಲಿ ಜಾಲದ ಸಂದೇಶಗಳನ್ನು ತೋರಿಸುವ ವೈರ್‌ಶಾರ್ಕ್ ಹಾಕಿ ಯುಡಿಪಿ 67 ಮತ್ತು 68 ಪೋರ್ಟ್ ನೋಡಿದರೆ ಇನ್ನೂ ಸ್ಪಷ್ಟ. ‘ಡಿಸ್ಕವರ್’ (ಐಪಿ ಕೇಳುವ ಸಂದೇಶ) ಹೋಗುತ್ತಿದ್ದು ‘ಆಫರ್’ (ಅದರ ಉತ್ತರ) ಬರದಿದ್ದರೆ ತಡೆ ಹೊರಗಿದೆ: ಸ್ವಿಚ್, ಆಕ್ಸೆಸ್ ಪಾಯಿಂಟ್, ಅಥವಾ ಡಿಎಚ್‌ಸಿಪಿ ಸರ್ವರ್. ‘ಡಿಸ್ಕವರ್’ ಕೂಡ ಕಾಣದಿದ್ದರೆ ಅದು ಹೋಸ್ಟ್ ದಾಟಿಯೇ ಇಲ್ಲ. ಬ್ರಿಜ್ ತಪ್ಪು ಕಾರ್ಡಿಗೆ ಕಟ್ಟಿದೆ, ಇಲ್ಲವೇ ಬ್ರಿಜ್ ಡ್ರೈವರ್ ಕೆಟ್ಟಿದೆ.

ವಿಳಾಸವೇ ಇಲ್ಲ, ಇಂಟರ್‌ಫೇಸ್ ಹೆಸರೂ ಕಾಣುತ್ತಿಲ್ಲ ಎಂದರೆ ಅದು ಡ್ರೈವರ್ ವಿಷಯ. ಕೆಳಗೆ ಎಕ್ಸ್‌ಪಿ ಭಾಗ ನೋಡಿ.

ಮೂರು ಪಿಂಗ್, ಇದೇ ಕ್ರಮದಲ್ಲಿ

ವಿಳಾಸ ಸರಿಯಿದ್ದೂ ನೆಟ್ ಇಲ್ಲದಿದ್ದರೆ ಮೊದಲು ಗೇಟ್‌ವೇ ಪಿಂಗ್ ಮಾಡಿ. ನಂತರ ಗೂಗಲ್‌ನ ಸಾರ್ವಜನಿಕ ಡಿಎನ್‌ಎಸ್ ಸರ್ವರ್ 8.8.8.8. ಕೊನೆಗೆ ಹೆಸರಿನಿಂದ ಯಾವುದಾದರೊಂದು ಸೈಟ್.

ಗೇಟ್‌ವೇ ಉತ್ತರ ಕೊಡದಿದ್ದರೆ ‘ಐಪಿ ನೇಬರ್’ ಅಥವಾ ವಿಂಡೋಸ್‌ನಲ್ಲಿ ‘ಎಆರ್‌ಪಿ -ಎ’ ನೋಡಿ. ಗೇಟ್‌ವೇ ಐಪಿ ಎದುರು ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆ) ಬಂದಿದ್ದರೆ ತಂತಿ ಸರಿಯಿದೆ, ಆ ರೌಟರ್ ಪಿಂಗ್‌ಗೆ ಉತ್ತರ ಕೊಡುವುದಿಲ್ಲ ಅಷ್ಟೇ. ‘ಫೇಲ್ಡ್’ ಎಂದಿದ್ದರೆ ನಿಜವಾಗಿಯೂ ತುಂಡಾಗಿದೆ. ಗೇಟ್‌ವೇ ಬಿಟ್ಟು ಹೋಸ್ಟನ್ನೇ ಪಿಂಗ್ ಮಾಡಿ ತೀರ್ಮಾನಕ್ಕೆ ಬರಬೇಡಿ. ವಿಂಡೋಸ್ ಫೈರ್‌ವಾಲ್ ಹೊರಗಿನಿಂದ ಬರುವ ಪಿಂಗನ್ನು ಸಾಮಾನ್ಯವಾಗಿ ತಡೆಯುತ್ತದೆ, ನೆಟ್ ಚೆನ್ನಾಗಿ ಓಡುತ್ತಿದ್ದರೂ ಉತ್ತರ ಬರುವುದಿಲ್ಲ. ಹಾಗೆಯೇ ವರ್ಚುವಲ್‌ಬಾಕ್ಸ್ ನ್ಯಾಟ್‌ನೊಳಗಿಂದ ಟ್ರೇಸ್‌ರೂಟ್ ಕೊಡುವ ಫಲಿತಾಂಶವನ್ನು ನಂಬಬೇಡಿ, ಆ ನ್ಯಾಟ್‌ನಲ್ಲಿ ಐಸಿಎಂಪಿ (ಪಿಂಗ್, ಟ್ರೇಸ್‌ರೂಟ್ ಬಳಸುವ ಸಂದೇಶಗಳು) ಪೂರ್ತಿಯಾಗಿ ದಾಟುವುದಿಲ್ಲ.

8.8.8.8 ಸಿಕ್ಕು ಹೆಸರು ಸಿಗದಿದ್ದರೆ, ಸೈಟ್ ಹೆಸರನ್ನು ಐಪಿಗೆ ಬದಲಿಸುವ ಡಿಎನ್‌ಎಸ್‌ನ ದೋಷ. ಎಲ್ಲ ಸಿಕ್ಕು ಬ್ರೌಸರ್ ಮಾತ್ರ ಓಡದಿದ್ದರೆ ಪ್ರಾಕ್ಸಿ (ನಡುವಿನ ಮಧ್ಯವರ್ತಿ ಸರ್ವರ್), ಗಡಿಯಾರ, ಅಥವಾ ಎಂಟಿಯು (ಒಂದು ಸಲಕ್ಕೆ ಕಳಿಸಬಹುದಾದ ಪ್ಯಾಕೆಟ್‌ನ ಗರಿಷ್ಠ ಗಾತ್ರ). ಕಾಲೇಜು ಲ್ಯಾಬ್‌ನಲ್ಲಿ ಮೊದಲ ಸಂಶಯ ಪ್ರಾಕ್ಸಿ ಮೇಲೆಯೇ ಇರಲಿ. ಹೋಸ್ಟ್‌ನ ಬ್ರೌಸರ್‌ನಲ್ಲಿ ಯಾರೋ ಹಿಂದೆಯೇ ಪ್ರಾಕ್ಸಿ ಹಾಕಿಟ್ಟಿರುತ್ತಾರೆ, ಹೊಸ ಉಬುಂಟು ವಿಎಂಗೆ ಅದರ ಸುದ್ದಿಯೇ ಗೊತ್ತಿರುವುದಿಲ್ಲ. ಬ್ರೌಸರ್‌ಗೆ ಹಾಕಿದ ಪ್ರಾಕ್ಸಿ, ಉಬುಂಟುವಿನಲ್ಲಿ ಸಾಫ್ಟ್‌ವೇರ್ ಹಾಕುವ ಎಪಿಟಿಗೆ ಅನ್ವಯಿಸದೇ ಇರಬಹುದು. ಅದಕ್ಕೆ ‘/ಇಟಿಸಿ/ಎಪಿಟಿ/ಎಪಿಟಿ.ಕಾನ್ಫ್.ಡಿ’ ಫೋಲ್ಡರಿನಲ್ಲಿ ಪ್ರತ್ಯೇಕ ಸಾಲು ಬೇಕು.

ಕಾಲೇಜು ಲ್ಯಾಬ್‌ನಲ್ಲಿ ಬ್ರಿಜ್ಡ್ ಏಕೆ ಕೈಕೊಡುತ್ತದೆ

1998ರಲ್ಲಿ ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ (ವಿಟಿಯು) ಶುರುವಾದಾಗ ಲ್ಯಾಬ್ ಎಂದರೆ ಒಂದು ಪಿಸಿಗೆ ಒಂದು ಒಎಸ್. ಇವತ್ತು ಒಂದೇ ಡೆಸ್ಕ್‌ಟಾಪ್ ಮೇಲೆ ಎರಡು ಮೂರು ವಿಎಂ ಓಡುತ್ತವೆ. ಎಷ್ಟೋ ಕಡೆ ಲ್ಯಾಬ್‌ನ ಸ್ವಿಚ್ ಮಾತ್ರ ಇನ್ನೂ “ಒಂದು ಪೋರ್ಟ್‌ಗೆ ಒಂದು ಯಂತ್ರ” ಎಂಬ ಲೆಕ್ಕದಲ್ಲೇ ಇರುತ್ತದೆ.

ಬ್ರಿಜ್ಡ್ ಮಾಡಿದಾಗ ವಿಎಂ ತನ್ನದೇ ಮ್ಯಾಕ್ ವಿಳಾಸದೊಂದಿಗೆ ಹೊರಗೆ ಕಾಣಿಸಿಕೊಳ್ಳುತ್ತದೆ. ವರ್ಚುವಲ್‌ಬಾಕ್ಸ್‌ನದು 08:00:27ರಿಂದ, ಕೆವಿಎಂನದು 52:54:00ರಿಂದ ಶುರುವಾಗುತ್ತದೆ. ವಿಎಂವೇರ್‌ನ ಹಲವು ವಿಳಾಸಗಳು 00:50:56ರಿಂದ ಶುರುವಾಗುತ್ತವೆ. ಸ್ವಿಚ್‌ನಲ್ಲಿ ಪೋರ್ಟ್ ಸೆಕ್ಯುರಿಟಿ (ಒಂದು ಪೋರ್ಟ್‌ನಲ್ಲಿ ಎಷ್ಟು ಮ್ಯಾಕ್ ಇರಬಹುದೆಂಬ ಕಾವಲು) ಹಾಕಿದ್ದರೆ ಒಂದೇ ಪೋರ್ಟ್‌ನಲ್ಲಿ ಎರಡನೇ ಮ್ಯಾಕ್ ಕಂಡ ಕ್ಷಣವೇ ಅದು ಎಚ್ಚರಗೊಳ್ಳುತ್ತದೆ. ಸಿಸ್ಕೊ ಸ್ವಿಚ್‌ಗಳಲ್ಲಿ ಪೋರ್ಟ್ ಸೆಕ್ಯುರಿಟಿ ಆನ್ ಮಾಡಿ ಬೇರೇನೂ ಹೇಳದಿದ್ದರೆ ಗರಿಷ್ಠ ಒಂದೇ ಮ್ಯಾಕ್, ಉಲ್ಲಂಘನೆಯಾದರೆ ಪೋರ್ಟ್ ಶಟ್‌ಡೌನ್. ಆಗ ವಿಎಂ ಜೊತೆಗೆ ಹೋಸ್ಟ್‌ನ ನೆಟ್ಟೂ ಹೋಗುತ್ತದೆ. “ವಿಎಂ ಆನ್ ಮಾಡಿದ್ರ ಇಡೀ ಪಿಸಿ ನೆಟ್ ಹೋಗತೈತಿ” ಎಂದು ಯಾರಾದರೂ ಹೇಳಿದರೆ ಮೊದಲು ಇದನ್ನೇ ಸಂಶಯಿಸಬೇಕು. ವಿಎಂ ಬಂದ್ ಮಾಡಿದರೂ ಪೋರ್ಟ್ ತಾನಾಗಿ ಏಳುವುದಿಲ್ಲ. ಲ್ಯಾಬ್ ಅಡ್ಮಿನ್ ಆ ಪೋರ್ಟಿಗೆ ‘ಶಟ್’, ನಂತರ ‘ನೋ ಶಟ್’ ಕೊಡಬೇಕು. ಕೇಬಲ್ ಕಿತ್ತು ಪಕ್ಕದ ಪೋರ್ಟಿಗೆ ಹಾಕುವ ಜಾಣತನ ಬೇಡ, ಅದೂ ಬಂದ್ ಆಗುತ್ತದೆ, ಪಕ್ಕದವರ ಬೈಗುಳವೂ ಸಿಗುತ್ತದೆ.

ವೈಫೈ ಮೇಲೆ ಬ್ರಿಜ್ಡ್ ಇನ್ನೂ ಕಿರಿಕಿರಿ. ವೈಫೈಯಲ್ಲಿ ಆಕ್ಸೆಸ್ ಪಾಯಿಂಟ್‌ಗೆ ಜೋಡಣೆಯಾಗಿರುವುದು ನಿಮ್ಮ ಲ್ಯಾಪ್‌ಟಾಪ್ ಕಾರ್ಡಿನ ಮ್ಯಾಕ್ ಮಾತ್ರ. ಬೇರೆ ಮ್ಯಾಕ್‌ನ ಫ್ರೇಮ್ ಬಂದರೆ ಅದು ತಿರಸ್ಕರಿಸುತ್ತದೆ. ವರ್ಚುವಲ್‌ಬಾಕ್ಸ್ ಮತ್ತು ವಿಎಂವೇರ್ ಇದಕ್ಕಾಗಿ ಗೆಸ್ಟ್‌ನ ಮ್ಯಾಕನ್ನು ಹೋಸ್ಟ್‌ನ ಮ್ಯಾಕ್‌ಗೆ ಬದಲಿಸಿ ಕಳಿಸುತ್ತವೆ. ಮನೆಯ ರೌಟರ್‌ಗಳಲ್ಲಿ ಇದು ನಡೆಯುತ್ತದೆ, ಕ್ಯಾಂಪಸ್ ವೈಫೈಯಲ್ಲಿ ಹಲವು ಸಲ ನಡೆಯುವುದಿಲ್ಲ. ಲಿನಕ್ಸ್‌ನಲ್ಲಿ ವೈಫೈ ಕಾರ್ಡನ್ನು ನೇರವಾಗಿ ಒಂದು ಬ್ರಿಜ್‌ಗೆ ಸೇರಿಸಹೊರಟರೆ ಅದು ಒಪ್ಪುವುದೇ ಇಲ್ಲ. ಜೊತೆಗೆ ಲಾಗಿನ್ ಪುಟ ಇರುವ ವೈಫೈ ಆದರೆ, ಬ್ರಿಜ್ಡ್ ವಿಎಂ ಹೊಸ ಬಳಕೆದಾರ ಇದ್ದಂತೆ, ಅದು ತಾನೇ ಲಾಗಿನ್ ಆಗಬೇಕಾಗಬಹುದು. ಬ್ರೌಸರ್ ಇಲ್ಲದ ಉಬುಂಟು ಸರ್ವರ್‌ನಲ್ಲಿ ಲಾಗಿನ್ ಪುಟ ತೆರೆಯುವುದೆಲ್ಲಿ?

ಕಾಲೇಜಿನಲ್ಲಿ, ಹಾಸ್ಟೆಲ್‌ನಲ್ಲಿ, ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ನ್ಯಾಟ್ ಬಿಟ್ಟು ಬೇರೆ ಬೇಡ ಎಂಬುದೇ ನಮ್ಮ ಅಭಿಪ್ರಾಯ. ನ್ಯಾಟ್‌ನಲ್ಲಿ ಹೊರಗಿನವರಿಗೆ ಕಾಣುವುದು ಹೋಸ್ಟ್ ಒಂದೇ, ಅದರ ಲಾಗಿನ್, ಅದರ ಮ್ಯಾಕ್, ಅದರ ವಿಪಿಎನ್ ಎಲ್ಲವೂ ವಿಎಂಗೂ ಸಲ್ಲುತ್ತವೆ. ಐಫೋನ್ ಹಾಟ್‌ಸ್ಪಾಟ್ ಕೊಡುವುದು 172.20.10ರ ಸಾಲಿನಲ್ಲಿ ಒಟ್ಟು 14 ವಿಳಾಸ, ಅದರಲ್ಲಿ ಒಂದು ಫೋನಿನದ್ದೇ. ಅಂಥದ್ದರಲ್ಲಿ ನಾಲ್ಕು ವಿಎಂ ಬ್ರಿಜ್ಡ್ ಮಾಡಿ ಕೂರುವುದು ದಂಡ.

ವಿಎಂ ಒಳಗಿನ ಸರ್ವರ್ ಅನ್ನು ಹೋಸ್ಟ್‌ನಿಂದ ನೋಡಬೇಕು ಎಂಬುದಕ್ಕಾಗಿಯೇ ಬ್ರಿಜ್ಡ್ ಮಾಡುವವರು ಬಹಳ. ಅದಕ್ಕೆ ಪೋರ್ಟ್ ಫಾರ್ವರ್ಡಿಂಗ್ (ಹೋಸ್ಟ್‌ನ ಒಂದು ಪೋರ್ಟ್‌ಗೆ ಬಂದದ್ದನ್ನು ಗೆಸ್ಟ್‌ಗೆ ದಾಟಿಸುವುದು) ಸಾಕು. ಅಡಾಪ್ಟರ್ 1ರ ಅಡ್ವಾನ್ಸ್ಡ್ ಭಾಗದಲ್ಲಿ ಹೋಸ್ಟ್ ಪೋರ್ಟ್ 2222, ಗೆಸ್ಟ್ ಪೋರ್ಟ್ 22 ಎಂದು ಕೊಟ್ಟು, ಹೋಸ್ಟ್‌ನಿಂದ 127.0.0.1ಕ್ಕೆ 2222 ಪೋರ್ಟ್‌ನಲ್ಲಿ ಎಸ್‌ಎಸ್‌ಎಚ್ (ಟರ್ಮಿನಲ್‌ನಿಂದ ಬೇರೆ ಯಂತ್ರಕ್ಕೆ ಲಾಗಿನ್) ಮಾಡಿ. ವೆಬ್ ಸರ್ವರ್‌ಗೆ 8080ರಿಂದ 80. ಲಿನಕ್ಸ್ ಹೋಸ್ಟ್‌ನಲ್ಲಿ 1024ಕ್ಕಿಂತ ಕೆಳಗಿನ ಹೋಸ್ಟ್ ಪೋರ್ಟ್ ಕೊಟ್ಟರೆ ಸಾಮಾನ್ಯ ಬಳಕೆದಾರನಿಗೆ ಅನುಮತಿ ಇರುವುದಿಲ್ಲ, ಅದಕ್ಕೇ 2222, 8080 ಎನ್ನುವುದು.

ಕ್ಲೋನ್ ಮಾಡಿದ ಮೇಲೆ ಒಂದು ಓಡಿದರೆ ಇನ್ನೊಂದು ಸಾಯುತ್ತದೆ

ಲ್ಯಾಬ್‌ಗೆ ಒಂದು ವಿಎಂ ಚೆನ್ನಾಗಿ ಸಿದ್ಧಮಾಡಿ ಪೆನ್‌ಡ್ರೈವ್‌ನಲ್ಲಿ 30 ಪಿಸಿಗೆ ಹಂಚುವುದು ಎಲ್ಲ ಕಡೆ ನಡೆಯುವ ಪದ್ಧತಿ. ನ್ಯಾಟ್‌ನಲ್ಲಿ ಇರುವವರೆಗೆ ಯಾರಿಗೂ ತೊಂದರೆಯಿಲ್ಲ. ಬ್ರಿಜ್ಡ್ ಮಾಡಿದ ದಿನ 30 ಯಂತ್ರಕ್ಕೂ ಒಂದೇ ಮ್ಯಾಕ್. ಸ್ವಿಚ್‌ಗೆ ಆ ಮ್ಯಾಕ್ ಒಮ್ಮೆ ಮೂರನೇ ಪೋರ್ಟ್‌ನಲ್ಲಿ, ಮರುಕ್ಷಣ ಹದಿನೇಳನೇ ಪೋರ್ಟ್‌ನಲ್ಲಿ ಕಾಣುತ್ತದೆ. ನೆಟ್ ಎರಡು ಸೆಕೆಂಡ್ ಬಂದು ಎರಡು ಸೆಕೆಂಡ್ ಹೋಗುತ್ತದೆ, ಎಸ್‌ಎಸ್‌ಎಚ್ ಮಧ್ಯದಲ್ಲೇ ಸ್ತಬ್ಧ.

ವರ್ಚುವಲ್‌ಬಾಕ್ಸ್‌ನ ಕ್ಲೋನ್ ಕಿಟಕಿಯಲ್ಲಿ ಮ್ಯಾಕ್ ಅಡ್ರೆಸ್ ಪಾಲಿಸಿ ಎಂಬ ಆಯ್ಕೆ ಇದೆ. ಅದು ತಾನಾಗಿ ಇಟ್ಟುಕೊಳ್ಳುವುದು ‘ನ್ಯಾಟ್ ಅಡಾಪ್ಟರ್‌ಗಳ ಮ್ಯಾಕ್ ಹಾಗೆಯೇ ಇರಲಿ’ ಎಂಬುದನ್ನು. ಇಲ್ಲೇ ಬಲೆ ಇರುವುದು: ಕ್ಲೋನ್ ಮಾಡುವಾಗ ನ್ಯಾಟ್ ಇತ್ತು, ಆಮೇಲೆ ಬ್ರಿಜ್ಡ್ ಮಾಡಿದಿರಿ, ಮ್ಯಾಕ್ ಮಾತ್ರ ಹಳೆಯದೇ ಉಳಿಯಿತು. ಎಲ್ಲ ಅಡಾಪ್ಟರ್‌ಗೂ ಹೊಸ ಮ್ಯಾಕ್ ಎಂಬುದನ್ನೇ ಆರಿಸಿ. ಈಗಾಗಲೇ ಹಂಚಿಯಾಗಿದ್ದರೆ, ವಿಎಂ ಬಂದ್ ಮಾಡಿ, ಸೆಟ್ಟಿಂಗ್ಸ್‌ನಲ್ಲಿ ಮ್ಯಾಕ್ ಪಕ್ಕದ ಪುಟ್ಟ ತಿರುಗು ಬಾಣ ಒತ್ತಿ. ವಿಎಂವೇರ್‌ನಲ್ಲಿ ಫೋಲ್ಡರ್ ಕಾಪಿ ಮಾಡಿ ತೆರೆದಾಗ ಅದು ಕೇಳುವ ಪ್ರಶ್ನೆಗೆ ‘ಐ ಕಾಪೀಡ್ ಇಟ್’ ಎಂದರೆ ಹೊಸ ಮ್ಯಾಕ್ ಸಿಗುತ್ತದೆ, ‘ಐ ಮೂವ್ಡ್ ಇಟ್’ ಎಂದರೆ ಹಳೆಯದೇ.

ಮ್ಯಾಕ್ ಬದಲಿಸಿದರೂ ಎರಡು ಉಬುಂಟು ಸರ್ವರ್‌ಗಳಿಗೆ ಒಂದೇ ಐಪಿ ಬರುತ್ತಿದೆಯೇ? ಇದಕ್ಕೆ ತಲೆ ಕೆಡಿಸಿಕೊಂಡವರು ಕಡಿಮೆಯಿಲ್ಲ. ಉಬುಂಟು ಸರ್ವರ್ ಐಪಿ ಕೇಳುವಾಗ ತನ್ನ ಗುರುತಾಗಿ ಕೊಡುವುದು ಮ್ಯಾಕನ್ನಲ್ಲ, ‘/ಇಟಿಸಿ/ಮಷೀನ್-ಐಡಿ’ ಫೈಲಿನಿಂದ ಹುಟ್ಟಿದ ಒಂದು ಸಂಖ್ಯೆಯನ್ನು. ಕ್ಲೋನ್‌ನಲ್ಲಿ ಆ ಫೈಲೂ ನಕಲಾಗಿರುತ್ತದೆ. ‘ಸುಡೊ ಟ್ರಂಕೇಟ್ -ಎಸ್ 0 /ಇಟಿಸಿ/ಮಷೀನ್-ಐಡಿ’ ಕೊಟ್ಟು ಫೈಲನ್ನು ಖಾಲಿ ಮಾಡಿ ರೀಬೂಟ್ ಮಾಡಿದರೆ ಹೊಸದು ತಾನೇ ಹುಟ್ಟುತ್ತದೆ. ಫೈಲನ್ನು ಅಳಿಸಬೇಡಿ, ಖಾಲಿ ಮಾಡಿ. ಹಂಚುವ ಮೂಲ ವಿಎಂನಲ್ಲೇ ಕೊನೆಯ ಕೆಲಸವಾಗಿ ಇದನ್ನು ಮಾಡಿ ಶಟ್‌ಡೌನ್ ಕೊಟ್ಟರೆ 30 ಸಲ ಮಾಡುವುದು ತಪ್ಪುತ್ತದೆ. ಇನ್ನೊಂದು ದಾರಿ, ಉಬುಂಟುವಿನ ನೆಟ್‌ವರ್ಕ್ ಸೆಟ್ಟಿಂಗ್ ಇರುವ ನೆಟ್‌ಪ್ಲ್ಯಾನ್ ಫೈಲಿನಲ್ಲಿ ‘ಡಿಎಚ್‌ಸಿಪಿ-ಐಡೆಂಟಿಫೈಯರ್: ಮ್ಯಾಕ್’ ಎಂಬ ಸಾಲು ಸೇರಿಸುವುದು.

ಬೇರೆ ಸಾಫ್ಟ್‌ವೇರ್‌ಗೆ ಸಾಗಿಸಿದ ವಿಎಂ

ವಿಎಂವೇರ್‌ನಿಂದ ವರ್ಚುವಲ್‌ಬಾಕ್ಸ್‌ಗೆ ತಂದ ಲಿನಕ್ಸ್ ವಿಎಂ ಬೂಟ್ ಆಗುತ್ತದೆ, ಐಪಿ ಬರುವುದಿಲ್ಲ. ಕಾರಣ ಇಂಟರ್‌ಫೇಸ್‌ನ ಹೆಸರು. ವಿಎಂವೇರ್‌ನಲ್ಲಿ ಅದು ‘ಇಎನ್‌ಎಸ್33’ ಆಗಿತ್ತು, ವರ್ಚುವಲ್‌ಬಾಕ್ಸ್‌ನಲ್ಲಿ ‘ಇಎನ್‌ಪಿ0ಎಸ್3’ ಆಗುತ್ತದೆ. ‘/ಇಟಿಸಿ/ನೆಟ್‌ಪ್ಲ್ಯಾನ್’ ಫೋಲ್ಡರಿನ ಫೈಲ್ ಮಾತ್ರ ಇನ್ನೂ ಹಳೇ ಹೆಸರನ್ನೇ ಹಿಡಿದುಕೊಂಡಿರುತ್ತದೆ. ‘ಐಪಿ ಎ’ಯಲ್ಲಿ ಕಂಡ ಹೆಸರನ್ನು ಆ ಫೈಲಿನಲ್ಲಿ ‘ಈಥರ್‌ನೆಟ್ಸ್’ ಕೆಳಗೆ ಬರೆಯಿರಿ. ಅಂಚಿನ ಖಾಲಿ ಜಾಗಕ್ಕೆ ಸ್ಪೇಸ್ ಮಾತ್ರ ಬಳಸಿ, ಟ್ಯಾಬ್ ಒತ್ತಿದರೆ ಫೈಲ್ ಇಡಿಯಾಗಿ ತಿರಸ್ಕೃತ. ಉಳಿಸಿದ ಮೇಲೆ ‘ಸುಡೊ ನೆಟ್‌ಪ್ಲ್ಯಾನ್ ಟ್ರೈ’ ಕೊಡಿ. 120 ಸೆಕೆಂಡಿನೊಳಗೆ ಎಂಟರ್ ಒತ್ತದಿದ್ದರೆ ಅದು ಹಳೆಯ ಸ್ಥಿತಿಗೆ ಮರಳುತ್ತದೆ, ದೂರದಿಂದ ಎಸ್‌ಎಸ್‌ಎಚ್‌ನಲ್ಲಿ ಕೂತು ಮಾಡುವವರಿಗೆ ಇದು ಜೀವ ಉಳಿಸುವ ಸಂಗತಿ. ಫೈಲಿನ ಹೆಸರಿನಲ್ಲಿ ‘ಕ್ಲೌಡ್-ಇನಿಟ್’ ಎಂದಿದ್ದರೆ, ಬೂಟ್ ಆಗುವಾಗ ವಿಎಂ ಸಿದ್ಧಮಾಡುವ ಸಾಫ್ಟ್‌ವೇರ್ ಆದ ಕ್ಲೌಡ್-ಇನಿಟ್ ಅದನ್ನು ಮತ್ತೆ ಬರೆಯುವ ಸಾಧ್ಯತೆ ಇದೆ ಎಂಬುದೂ ನೆನಪಿರಲಿ.

ಕರೆಂಟ್ ಹೋಗಿ ಬಂದಾಗ, ಮುಚ್ಚಳ ಮುಚ್ಚಿ ತೆರೆದಾಗ

ಪಿಸಿಗೆ ಯುಪಿಎಸ್ ಇದೆ, ಲ್ಯಾಬ್‌ನ ಸ್ವಿಚ್‌ಗೋ ಮನೆಯ ರೌಟರ್‌ಗೋ ಇಲ್ಲ. ಕರೆಂಟ್ ಹೋಗಿ ಬಂದ ಮೇಲೆ ಹೋಸ್ಟ್ ಹೊಸ ಐಪಿ ಕೇಳಿ ಪಡೆಯುತ್ತದೆ. ಬ್ರಿಜ್ಡ್ ಗೆಸ್ಟ್‌ಗೆ ತನ್ನ ಕೇಬಲ್ ಸತ್ತು ಹುಟ್ಟಿದ್ದೇ ಗೊತ್ತಾಗದಿರಬಹುದು, ಅದು ಹಳೇ ಐಪಿಯಲ್ಲೇ ಕೂತಿರುತ್ತದೆ. ವಿಎಂ ರೀಸ್ಟಾರ್ಟ್ ಮಾಡಬೇಕಿಲ್ಲ, ‘ಕೇಬಲ್ ಕನೆಕ್ಟೆಡ್’ ಟಿಕ್ ತೆಗೆದು ಓಕೆ ಒತ್ತಿ, ಐದು ಸೆಕೆಂಡ್ ಬಿಟ್ಟು ಮತ್ತೆ ಹಾಕಿ. ವಿಂಡೋಸ್ ಗೆಸ್ಟ್ ಆದರೆ ‘ಐಪಿಕಾನ್ಫಿಗ್ /ರಿಲೀಸ್’, ನಂತರ ‘ಐಪಿಕಾನ್ಫಿಗ್ /ರಿನ್ಯೂ’ ಕೊಟ್ಟರೂ ಆಯಿತು. ಹತ್ತಿರದಲ್ಲಿ ರೌಟರ್ ಇದ್ದರೆ ಅದನ್ನು ಇನ್ವರ್ಟರ್ ಲೈನಿಗೆ ಹಾಕುವುದು ಇದಕ್ಕಿಂತ ಒಳ್ಳೆಯ ಪರಿಹಾರ.

ಸೇವ್ ಸ್ಟೇಟ್‌ನಿಂದ ಎದ್ದ ಉಬುಂಟು ಡೆಸ್ಕ್‌ಟಾಪ್‌ನಲ್ಲಿ ಮೇಲಿನ ನೆಟ್‌ವರ್ಕ್ ಚಿಹ್ನೆಯೇ ಮಾಯವಾಗಿದ್ದರೆ ‘ಎನ್‌ಎಂಸಿಎಲ್‌ಐ ನೆಟ್‌ವರ್ಕಿಂಗ್ ಆನ್’ ಒಂದೇ ಸಾಲು ಸಾಕಾಗುವುದುಂಟು. ನೆಟ್‌ವರ್ಕ್ ಮ್ಯಾನೇಜರ್ ತನ್ನನ್ನು ಆಫ್ ಎಂದು ಗುರುತಿಟ್ಟುಕೊಂಡು ಮಲಗಿರುತ್ತದೆ.

ಹಳೆಯ ಸ್ನ್ಯಾಪ್‌ಶಾಟ್‌ಗೆ (ಹಿಂದೆ ಉಳಿಸಿಟ್ಟ ವಿಎಂ ಸ್ಥಿತಿ) ಮರಳಿದಾಗ ಗಡಿಯಾರ ನೋಡಿ. ಮೂರು ತಿಂಗಳ ಹಿಂದಿನ ತಾರೀಖು ತೋರಿಸುತ್ತಿದ್ದರೆ ಪಿಂಗ್ ಎಲ್ಲ ಸರಿಯಿದ್ದೂ ಸುರಕ್ಷಿತ ಸೈಟ್‌ಗಳು ತೆರೆಯುವುದಿಲ್ಲ, ಪ್ರಮಾಣಪತ್ರದ ದೋಷ ಎನ್ನುತ್ತವೆ. ‘ಟೈಮ್‌ಡೇಟ್‌ಸಿಟಿಎಲ್’ ಕೊಟ್ಟು ಸಮಯ ಸಿಂಕ್ ಆಗಿದೆಯೇ ನೋಡಿ. ವಿಂಡೋಸ್ ಗೆಸ್ಟ್‌ನಲ್ಲಿ ‘ಡಬ್ಲ್ಯು32ಟಿಎಂ /ರೀಸಿಂಕ್’. ವರ್ಚುವಲ್‌ಬಾಕ್ಸ್‌ನ ಪೂರಕ ಸಾಫ್ಟ್‌ವೇರ್ ಗೆಸ್ಟ್ ಅಡಿಷನ್ಸ್ ಹಾಕಿದ್ದರೆ ಗಡಿಯಾರ ಸಾಮಾನ್ಯವಾಗಿ ಹೋಸ್ಟ್‌ನ ಜೊತೆ ಸೇರಿಕೊಳ್ಳುತ್ತದೆ.

ಮನೆಯಿಂದ ಕಾಲೇಜಿಗೆ ಹೋದ ಡಿಎನ್‌ಎಸ್

ವಿಜಯಪುರದ ಮನೆಯಲ್ಲಿ ರಾತ್ರಿ ಓಡಿಸಿದ ವಿಎಂ ಅನ್ನು ಸೇವ್ ಮಾಡಿ, ಬೆಳಿಗ್ಗೆ ಕಾಲೇಜಿನಲ್ಲಿ ತೆರೆದರೆ 8.8.8.8 ಪಿಂಗ್ ಆಗುತ್ತದೆ, ಹೆಸರು ಮಾತ್ರ ಸಿಗುವುದಿಲ್ಲ. ವರ್ಚುವಲ್‌ಬಾಕ್ಸ್‌ನ ನ್ಯಾಟ್ ಗೆಸ್ಟ್‌ಗೆ ಹೋಸ್ಟ್‌ನ ಡಿಎನ್‌ಎಸ್ ವಿಳಾಸವನ್ನೇ ದಾಟಿಸಿರುತ್ತದೆ, ಉದಾಹರಣೆಗೆ ಮನೆಯ ರೌಟರ್ 192.168.1.1. ಕಾಲೇಜಿನಲ್ಲಿ ಆ ವಿಳಾಸದಲ್ಲಿ ಯಾರೂ ಇಲ್ಲ. ತಾತ್ಕಾಲಿಕವಾಗಿ ಕೇಬಲ್ ಟಿಕ್ ತೆಗೆದು ಹಾಕಿದರೆ ಸರಿಹೋಗುತ್ತದೆ. ಕಾಯಂ ಪರಿಹಾರಕ್ಕೆ ವಿಎಂ ಬಂದ್ ಮಾಡಿ, ಹೋಸ್ಟ್‌ನಲ್ಲಿ ‘ವಿಬಾಕ್ಸ್‌ಮ್ಯಾನೇಜ್ ಮಾಡಿಫೈವಿಎಂ’, ವಿಎಂ ಹೆಸರು, ‘--ನ್ಯಾಟ್‌ಡಿಎನ್‌ಎಸ್‌ಹೋಸ್ಟ್‌ರಿಸಾಲ್ವರ್1 ಆನ್’ ಎಂದು ಕೊಡಿ. 7ನೇ ಆವೃತ್ತಿಯಿಂದ ಈ ಆಯ್ಕೆಯ ಹೆಸರನ್ನು ನ್ಯಾಟ್, ಡಿಎನ್‌ಎಸ್, ಹೋಸ್ಟ್, ರಿಸಾಲ್ವರ್1 ಎಂದು ನಡುವೆ ಅಡ್ಡಗೆರೆ ಹಾಕಿ ಬರೆಯುತ್ತಾರೆ. ಇದಾದ ಮೇಲೆ ಹೆಸರು ಹುಡುಕುವ ಕೆಲಸ ಹೋಸ್ಟ್‌ನ ಪಾಲಿಗೆ, ಹೋಸ್ಟ್ ಎಲ್ಲಿದ್ದರೂ ಗೆಸ್ಟ್‌ಗೆ ಚಿಂತೆಯಿಲ್ಲ. ಗೆಸ್ಟ್‌ನಲ್ಲಿ 8.8.8.8 ಎಂದು ಕೈಯಾರೆ ಬರೆದರೂ ಓಡಬಹುದು, ಆದರೆ ಕಾಲೇಜಿನ ಒಳಗಿನ ಸರ್ವರ್‌ಗಳ ಹೆಸರು ಆಗ ಸಿಗುವುದಿಲ್ಲ. ಹೊರಗಿನ ಡಿಎನ್‌ಎಸ್ ತಡೆದಿರುವ ಕ್ಯಾಂಪಸ್‌ಗಳೂ ಇವೆ.

ಉದ್ಯಮಬಾಗದ ಲೆಕ್ಕ ಬೇರೆ

ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಯಂತ್ರಕ್ಕೆ ಪ್ರೋಗ್ರಾಂ ಕಳಿಸುವ ಹಳೇ ಸಾಫ್ಟ್‌ವೇರ್ ವಿಂಡೋಸ್ 7ರಲ್ಲಿ ಮಾತ್ರ ಓಡುತ್ತದೆ ಎಂದು ಅದನ್ನು ವಿಎಂಗೆ ಹಾಕಿರುತ್ತಾರೆ. ಯಂತ್ರಕ್ಕೆ ಸ್ಥಿರ ಐಪಿ, 192.168.1.50 ಎಂದಿಟ್ಟುಕೊಳ್ಳಿ. ಲ್ಯಾಪ್‌ಟಾಪ್‌ನಲ್ಲಿ ಆಫೀಸಿನ ವೈಫೈ ಕೂಡ 192.168.1ರ ಸಾಲೇ. ಇಲ್ಲಿ ಬ್ರಿಜ್ಡ್ ಬೇಕೇ ಬೇಕು, ಮತ್ತು ಎರಡು ಕಡೆ ಎಡವುತ್ತದೆ.

ಒಂದು, ವಿಎಂವೇರ್‌ನ ಬ್ರಿಜ್ ‘ಆಟೊಮ್ಯಾಟಿಕ್’ ಎಂದಿದ್ದರೆ ಅದು ವೈಫೈ ಕಾರ್ಡನ್ನೂ ಹಿಡಿಯಬಹುದು. ವರ್ಚುವಲ್ ನೆಟ್‌ವರ್ಕ್ ಎಡಿಟರ್ ತೆರೆದು ವಿಎಂನೆಟ್0ಗೆ ತಂತಿಯ ಕಾರ್ಡನ್ನೇ ಹೆಸರಿಸಿ. ಎರಡು, ಯಂತ್ರದ ಜಾಲದಲ್ಲಿ ಡಿಎಚ್‌ಸಿಪಿ ಇರುವುದಿಲ್ಲ, ಹಾಗಾಗಿ ಗೆಸ್ಟ್‌ನಲ್ಲಿ 169.254 ಬರುವುದು ಸಹಜ. ಕೈಯಾರೆ 192.168.1.60, ಮಾಸ್ಕ್ 255.255.255.0 ಕೊಟ್ಟು ಗೇಟ್‌ವೇ ಖಾಲಿ ಬಿಡಿ. ಕೊಡುವ ಮೊದಲು ಆ ಐಪಿ ಬೇರೆ ಯಂತ್ರಕ್ಕಿಲ್ಲ ಎಂದು ಖಚಿತ ಮಾಡಿಕೊಳ್ಳಿ.

ಎರಡೂ ಕಡೆ ಒಂದೇ ಸಾಲಿನ ಐಪಿ ಇರುವುದರಿಂದ ಹೋಸ್ಟ್ ಗೊಂದಲಕ್ಕೀಡಾಗದಂತೆ, ಹೋಸ್ಟ್‌ನ ತಂತಿ ಕಾರ್ಡಿನ ಪ್ರಾಪರ್ಟೀಸ್‌ನಲ್ಲಿ ‘ಇಂಟರ್‌ನೆಟ್ ಪ್ರೊಟೊಕಾಲ್ ವರ್ಷನ್ 4’ ಟಿಕ್ ತೆಗೆಯಿರಿ. ವಿಎಂವೇರ್ ಬ್ರಿಜ್ ಪ್ರೊಟೊಕಾಲ್ ಅಥವಾ ವರ್ಚುವಲ್‌ಬಾಕ್ಸ್ ಎನ್‌ಡಿಐಎಸ್6 ಬ್ರಿಜ್ಡ್ ನೆಟ್‌ವರ್ಕಿಂಗ್ ಡ್ರೈವರ್ ಟಿಕ್ ಮಾತ್ರ ಉಳಿಸಿ. ಆಗ ತಂತಿ ಪೂರ್ತಿಯಾಗಿ ವಿಎಂನದು, ವೈಫೈ ಹೋಸ್ಟ್‌ನದು. ವರ್ಚುವಲ್‌ಬಾಕ್ಸ್‌ನಲ್ಲಿ ‘ಇಂಟ್‌ನೆಟ್ ಎಫ್‌ಎಲ್‌ಟಿ ಐಎಫ್ ನಾಟ್ ಫೌಂಡ್’ ಎಂಬ ದೋಷ ಬಂದರೂ ನೋಡಬೇಕಾದದ್ದು ಇದೇ ಟಿಕ್ಕನ್ನು. ದೊಡ್ಡ ವಿಂಡೋಸ್ ಅಪ್‌ಡೇಟ್ ಆದ ಮೇಲೆ ಅದು ಕಳೆದುಹೋಗಿರುವುದುಂಟು. ಕಾರ್ಡನ್ನು ಡಿಸೇಬಲ್ ಮಾಡಿ ಎನೇಬಲ್ ಮಾಡಿ, ಆಗದಿದ್ದರೆ ವರ್ಚುವಲ್‌ಬಾಕ್ಸ್ ಇನ್‌ಸ್ಟಾಲರ್‌ನಿಂದ ರಿಪೇರ್.

ನುಡಿ, ಪೇಜ್‌ಮೇಕರ್‌ಗಾಗಿ ಉಳಿದ ಎಕ್ಸ್‌ಪಿ

ಹಳೇ ನುಡಿ, ಶ್ರೀಲಿಪಿ, ಪೇಜ್‌ಮೇಕರ್ ಫೈಲುಗಳಿಗಾಗಿ ಡಿಟಿಪಿ ಅಂಗಡಿಗಳಲ್ಲಿ ವಿಂಡೋಸ್ ಎಕ್ಸ್‌ಪಿ ವಿಎಂ ಇನ್ನೂ ಉಸಿರಾಡುತ್ತಿವೆ. ಅಲ್ಲಿ ನೆಟ್‌ವರ್ಕ್ ಕಾರ್ಡೇ ಕಾಣದಿದ್ದರೆ, ಅಡಾಪ್ಟರ್ ಟೈಪ್ ಇಂಟೆಲ್ ಪ್ರೊ/1000 ಎಂಟಿ ಡೆಸ್ಕ್‌ಟಾಪ್ ಎಂದಿರುತ್ತದೆ. ಎಕ್ಸ್‌ಪಿ ಸಿಡಿಯಲ್ಲಿ ಅದರ ಡ್ರೈವರ್ ಇಲ್ಲ. ವಿಎಂ ಬಂದ್ ಮಾಡಿ ‘ಪಿಸಿನೆಟ್-ಫಾಸ್ಟ್ 3’ ಆರಿಸಿ, ಎಕ್ಸ್‌ಪಿ ಅದನ್ನು ತಾನೇ ಗುರುತಿಸುತ್ತದೆ. ಹೊಸ ವಿಂಡೋಸ್‌ಗಳಲ್ಲಿ ಇದೇ ಕಥೆ ವರ್ಟ್‌ಐಒ ಕಾರ್ಡಿನದು, ಕೆವಿಎಂನಲ್ಲಿ ವರ್ಟ್‌ಐಒ ಕೊಟ್ಟು ಅದರ ಡ್ರೈವರ್ ಐಎಸ್‌ಒ ಹಾಕದಿದ್ದರೆ ಕಾರ್ಡ್ ಕಾಣುವುದಿಲ್ಲ.

ಆದರೆ ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ 2014ರ ಏಪ್ರಿಲ್ 8ಕ್ಕೇ ಮುಗಿದಿದೆ. ಅದಕ್ಕೆ ಇಂಟರ್‌ನೆಟ್ ಕೊಡಲೇಬೇಡಿ. ಫೈಲ್ ಸಾಗಿಸಲು ಶೇರ್ಡ್ ಫೋಲ್ಡರ್ ಅಥವಾ ಹೋಸ್ಟ್-ಓನ್ಲಿ ಸಾಕು.

ಹೈಪರ್-ವಿ, ಕೆವಿಎಂ, ಡಾಕರ್

ವಿಂಡೋಸ್‌ನದೇ ವಿಎಂ ವ್ಯವಸ್ಥೆ ಹೈಪರ್-ವಿಯ ‘ಡಿಫಾಲ್ಟ್ ಸ್ವಿಚ್’ ಹೋಸ್ಟ್ ರೀಬೂಟ್ ಆದಾಗ ತನ್ನ ಐಪಿ ಸಾಲನ್ನೇ ಬದಲಿಸಬಹುದು. ಅದರ ಮೇಲೆ ಗೆಸ್ಟ್‌ಗೆ ಸ್ಥಿರ ಐಪಿ ಕೊಟ್ಟರೆ ಮರುದಿನ ನೆಟ್ ಇಲ್ಲ. ಸ್ಥಿರ ಐಪಿ ಬೇಕಿದ್ದರೆ ಬೇರೆ ಸ್ವಿಚ್ ಮಾಡಿ. ಎಕ್ಸ್‌ಟರ್ನಲ್ ಸ್ವಿಚ್ ಮಾಡುವಾಗ ‘ಮ್ಯಾನೇಜ್‌ಮೆಂಟ್ ಆಪರೇಟಿಂಗ್ ಸಿಸ್ಟಮ್’ಗೂ ಹಂಚಿಕೊಳ್ಳುವ ಟಿಕ್ ಬಿಟ್ಟರೆ ಹೋಸ್ಟ್‌ನ ನೆಟ್ ಹೋಗುತ್ತದೆ.

ಕೆವಿಎಂನಲ್ಲಿ ‘ವಿರ್ಶ್ ನೆಟ್-ಲಿಸ್ಟ್ --ಆಲ್’ ಕೊಡಿ. ‘ಡಿಫಾಲ್ಟ್’ ಇನ್‌ಆಕ್ಟಿವ್ ಇದ್ದರೆ ‘ನೆಟ್-ಸ್ಟಾರ್ಟ್ ಡಿಫಾಲ್ಟ್’, ‘ನೆಟ್-ಆಟೊಸ್ಟಾರ್ಟ್ ಡಿಫಾಲ್ಟ್’. ಫೈರ್‌ವಾಲ್ ರೀಸ್ಟಾರ್ಟ್ ಮಾಡಿದ ಮೇಲೆ ಎಲ್ಲ ವಿಎಂಗಳಿಗೂ ನೆಟ್ ಹೋಗಿದ್ದರೆ ಕೆವಿಎಂ ನಿರ್ವಹಿಸುವ ಲಿಬ್‌ವಿರ್ಟ್ ಬರೆದ ನಿಯಮಗಳು ಅಳಿದಿರುತ್ತವೆ. ‘ನೆಟ್-ಡೆಸ್ಟ್ರಾಯ್’ ಮಾಡಿ ಮತ್ತೆ ‘ನೆಟ್-ಸ್ಟಾರ್ಟ್’. ಹೆಸರು ಕೇಳಿ ಹೆದರಬೇಡಿ, ಅದು ನಿಲ್ಲಿಸುತ್ತದೆಯೇ ಹೊರತು ಅಳಿಸುವುದಿಲ್ಲ. ಇದಾದ ಮೇಲೆ ವಿಎಂಗಳನ್ನು ಪೂರ್ತಿ ಶಟ್‌ಡೌನ್ ಮಾಡಿ ಮತ್ತೆ ಶುರು ಮಾಡಬೇಕಾಗುತ್ತದೆ, ಯಾಕೆಂದರೆ ಅವುಗಳ ತುದಿ ಬ್ರಿಜ್‌ನಿಂದ ಕಳಚಿರುತ್ತದೆ.

ಹೋಸ್ಟ್‌ನಲ್ಲಿ ಡಾಕರ್ (ಅಪ್ಲಿಕೇಶನ್‌ಗಳನ್ನು ಕಂಟೇನರ್‌ಗಳಲ್ಲಿ ಓಡಿಸುವ ಸಾಫ್ಟ್‌ವೇರ್) ಹಾಕಿದ ದಿನವೇ ‘ಬಿಆರ್0’ ಬ್ರಿಜ್ ಮೇಲಿನ ವಿಎಂಗಳು ಸತ್ತವೇ? ಡಾಕರ್, ಹಾದುಹೋಗುವ ಪ್ಯಾಕೆಟ್‌ಗಳ ಫೈರ್‌ವಾಲ್ ನಿಯಮಪಟ್ಟಿಯಾದ ಫಾರ್ವರ್ಡ್ ಸರಣಿಯನ್ನು ಡ್ರಾಪ್ (ತಡೆ) ಮಾಡಿಡುತ್ತದೆ. ‘ಡಾಕರ್-ಯೂಸರ್’ ಸರಣಿಯಲ್ಲಿ ಬಿಆರ್0ಯಿಂದ ಬಿಆರ್0ಗೆ ಆಕ್ಸೆಪ್ಟ್ ನಿಯಮ ಸೇರಿಸಿ. ಡಾಕರ್ ಗೆಸ್ಟ್ ಒಳಗಿದ್ದರೆ ತೊಂದರೆ ಬೇರೆ ರೂಪದಲ್ಲಿ ಬರುತ್ತದೆ. ಅದು 172.17ರ ಸಾಲನ್ನು ಪೂರ್ತಿ ತನ್ನದಾಗಿಸಿಕೊಳ್ಳುತ್ತದೆ. ಕ್ಯಾಂಪಸ್‌ನ ಸರ್ವರ್ ಕೂಡ 172.17ರಲ್ಲೇ ಇದ್ದರೆ ಅದೊಂದು ಸರ್ವರ್ ಬಿಟ್ಟು ಉಳಿದೆಲ್ಲ ನೆಟ್ ಓಡುತ್ತದೆ. ‘ಐಪಿ ಆರ್’ನಲ್ಲಿ ‘ಡಾಕರ್0’ ಎದುರು ಆ ಸಾಲು ಕಂಡರೆ, ಡಾಕರ್‌ನ ‘ಡೀಮನ್.ಜೇಸನ್’ ಫೈಲಿನಲ್ಲಿ ‘ಬಿಐಪಿ’ ಬೇರೆ ಕೊಟ್ಟು ರೀಸ್ಟಾರ್ಟ್ ಮಾಡಿ.

ಪಿಂಗ್ ಇದೆ, ಪುಟ ಅರ್ಧಕ್ಕೆ ನಿಲ್ಲುತ್ತದೆ

ಚಿಕ್ಕ ಪುಟ ತೆರೆಯುತ್ತದೆ, ದೊಡ್ಡದು ನೇತಾಡುತ್ತದೆ ಎಂದರೆ ಎಂಟಿಯು. ಪಿಪಿಪಿಒಇ (ಯೂಸರ್‌ನೇಮ್, ಪಾಸ್‌ವರ್ಡ್ ಕೊಟ್ಟು ಸೇರುವ ವಿಧಾನ) ಮೇಲೆ ಬರುವ ಫೈಬರ್ ಸಂಪರ್ಕದಲ್ಲಿ ಅದು 1492, ಗೆಸ್ಟ್ ಕಳಿಸುವುದು 1500. ಬ್ರಿಜ್ಡ್ ವಿಂಡೋಸ್ ಗೆಸ್ಟ್‌ನಲ್ಲಿ ‘ಪಿಂಗ್ -ಎಫ್ -ಎಲ್ 1464 8.8.8.8’ ಹೋಗಿ, 1472 ಹೋಗದಿದ್ದರೆ ಖಚಿತ. 1464ಕ್ಕೆ ಹೆಡರ್‌ನ 28 ಸೇರಿ 1492. ಗೆಸ್ಟ್‌ನ ಒಳಗೇ ವಿಪಿಎನ್ ಹಾಕಿದ್ದರೆ ಇನ್ನೂ ಇಳಿಸಿ, 1400 ಇಟ್ಟು ನೋಡಿ. ವರ್ಚುವಲ್‌ಬಾಕ್ಸ್ ನ್ಯಾಟ್‌ನಲ್ಲಿ ಈ ಸಮಸ್ಯೆ ಅಪರೂಪ, ಯಾಕೆಂದರೆ ಅಲ್ಲಿ ಟಿಸಿಪಿ ಸಂಪರ್ಕವನ್ನು ಹೊರಗೆ ಹೊಸದಾಗಿ ಕಟ್ಟುವುದು ಹೋಸ್ಟೇ.

ಕೊನೆಯ ಅಸ್ತ್ರ ಯಾವುದು, ಯಾವುದಲ್ಲ

ಮೇಲಿನದೆಲ್ಲ ಮುಗಿದೂ ಸಿಗದಿದ್ದರೆ ಹೊಸದೊಂದು ವಿಎಂ ಮಾಡಿ, ಡಿಸ್ಕ್ ಇಲ್ಲದೆ, ಲಿನಕ್ಸ್‌ನ ಲೈವ್ ಐಎಸ್‌ಒ ಒಂದನ್ನೇ ಕೊಟ್ಟು ನ್ಯಾಟ್‌ನಲ್ಲಿ ಬೂಟ್ ಮಾಡಿ. ಅದರಲ್ಲಿ ನೆಟ್ ಬಂದರೆ ದೋಷ ಹಳೇ ಗೆಸ್ಟ್ ಒಳಗಿದೆ, ಬರದಿದ್ದರೆ ಹೋಸ್ಟ್‌ನಲ್ಲಿದೆ. ಹೋಸ್ಟ್‌ನಲ್ಲಿದ್ದು ಅದು ಲಿನಕ್ಸ್ ಆಗಿದ್ದರೆ, ಕರ್ನಲ್ ಅಪ್‌ಡೇಟ್ ನಂತರ ವರ್ಚುವಲ್‌ಬಾಕ್ಸ್‌ನ ಮಾಡ್ಯೂಲ್‌ಗಳು ಕಟ್ಟಿಲ್ಲದಿರಬಹುದು, ‘ಸುಡೊ /ಎಸ್‌ಬಿನ್/ವಿಬಾಕ್ಸ್‌ಕಾನ್ಫಿಗ್’ ಕೊಡಿ. ವಿಎಂವೇರ್ ಆದರೆ ಸರ್ವಿಸಸ್‌ನಲ್ಲಿ ವಿಎಂವೇರ್ ನ್ಯಾಟ್ ಸರ್ವಿಸ್ ಮತ್ತು ಡಿಎಚ್‌ಸಿಪಿ ಸರ್ವಿಸ್ ಎರಡೂ ಓಡುತ್ತಿವೆಯೇ ನೋಡಿ, ಆಮೇಲೆ ವರ್ಚುವಲ್ ನೆಟ್‌ವರ್ಕ್ ಎಡಿಟರ್‌ನಲ್ಲಿ ‘ರಿಸ್ಟೋರ್ ಡಿಫಾಲ್ಟ್ಸ್’. ಅದು ನೀವು ಮಾಡಿದ ಪೋರ್ಟ್ ಫಾರ್ವರ್ಡ್‌ಗಳನ್ನೂ ಒಯ್ಯುತ್ತದೆ, ಮೊದಲು ಬರೆದಿಟ್ಟುಕೊಳ್ಳಿ.

ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿರುವ ‘ನೆಟ್‌ವರ್ಕ್ ರೀಸೆಟ್’ ಬಟನ್ ಮಾತ್ರ ಈ ಪಟ್ಟಿಯಲ್ಲಿಲ್ಲ. ಅದು ಹೋಸ್ಟ್‌ನ ಎಲ್ಲ ಕಾರ್ಡುಗಳನ್ನೂ ಕಿತ್ತು ಮತ್ತೆ ಹಾಕುತ್ತದೆ. ಹೈಪರ್-ವಿಯ ವರ್ಚುವಲ್ ಸ್ವಿಚ್‌ಗಳು, ವಿಪಿಎನ್ ಸಾಫ್ಟ್‌ವೇರ್, ವರ್ಚುವಲ್‌ಬಾಕ್ಸ್‌ನ ಅಡಾಪ್ಟರ್‌ಗಳನ್ನು ಆಮೇಲೆ ಹೊಸದಾಗಿ ಹಾಕಬೇಕಾಗಬಹುದು. ಲ್ಯಾಬ್ ಪಿಸಿಯಲ್ಲಿ ಕೈಯಾರೆ ಕೊಟ್ಟ ಸ್ಥಿರ ಐಪಿ ಕೂಡ ಹೋಗುತ್ತದೆ. ಒತ್ತಲೇಬೇಕಾದರೆ ಹೋಸ್ಟ್‌ನ ‘ಐಪಿಕಾನ್ಫಿಗ್ /ಆಲ್’ ಫಲಿತಾಂಶವನ್ನು ಒಂದು ಟೆಕ್ಸ್ಟ್ ಫೈಲಿಗೆ ಉಳಿಸಿ, ಆಮೇಲೆ ಒತ್ತಿ.